ಭಾನುವಾರದ ಅಳತೆ

ರಾತ್ರಿ ಪಾಳಿಯ ನರ್ಸಾದ ಹೆಂಡತಿಗೆ ಬೇರೆ ಊರಿಗೆ ವರ್ಗವಾಗಿತ್ತು. ಹಗಲು ಕಣ್ಣು ಮುಚ್ಚಲು ಸದ್ದಿಲ್ಲದ ಮನೆಯೊಂದನ್ನು ನೋಡಿ ಬನ್ನಿರೆಂದು ಅವಳು ಸರ್ವೆಯರ್ ಆದ ಗಂಡನನ್ನು ಕಳಿಸಿದ್ದಳು. ಸಾಹೇಬರು ಭಾನುವಾರವಿಡೀ ಟೇಪು ಹಿಡಿದು ಅಳೆದೇ ಅಳೆದರು. ಪಿಟ್ಟೆನ್ನದ ಬೀದಿಯ ಮಹಡಿ ಮನೆಯೊಂದಕ್ಕೆ ಒಪ್ಪಿಗೆ ಕೊಟ್ಟು, ಗತ್ತಿನಿಂದ ಮರಳಿ ನಕ್ಷೆ ಹರವಿದರು.

"ಕೆಳಗೇನಿದೆ, ರೀ?"

"ಅಂಗಡಿ. ಮುಚ್ಚಿತ್ತು. ಬಾಗಿಲು ಹನ್ನೆರಡಡಿ."

"ಬೋರ್ಡು?"

"ಆರಡಿ ಉದ್ದ, ಎರಡಡಿ ಎತ್ತರ."

"ಅಯ್ಯೋ ನನ್ನ ಕರ್ಮವೇ! ಅದ್ರಲ್ಲಿ ಏನು ಬರ್ದಿತ್ತು?"

ಸಾಹೇಬರು ಅದನ್ನೂ ತಪ್ಪದೆ ಗುರುತು ಹಾಕಿಕೊಂಡಿದ್ದರು. "ಇಲ್ಲಿ ತಗಡು ಬಡಿದು ಡಬ್ಬ ಮಾಡಿಕೊಡಲಾಗುವುದು" ಎಂದು ಓದುತ್ತ ಓದುತ್ತ ಅವರ ದನಿ ಇಳಿಯಿತು.

"ಹಗಲು ನಾನೆಲ್ಲಿ ಮಲಗ್ಲಿ, ನಿಮ್ಮ ನಕ್ಷೆ ಮೇಲಾ?" ಎಂದು ಹೆಂಡತಿ ಚೀಲಕ್ಕೆ ಬಟ್ಟೆ ತುಂಬಿಕೊಂಡಳು. "ಮನೆ ನಾನೇ ನೋಡ್ಕೊಂಡು ಬರ್ತೀನಿ. ಮಕ್ಕಳಿಗೆ ಊಟ ಹಾಕಿ. ಅಳೀಬೇಡಿ, ಬಡಿಸಿ."