ಶರಣವ್ವ ಕೇಳಿಸಿಕೊಂಡ ನಲವತ್ತೈದು ಪ್ರಶ್ನೆಗಳು

ಶಾಲೆಯಿಂದ ಬಂದ ಕಾಗದದಲ್ಲಿ ಮಗಳ ಹೆಸರಿನ ಮುಂದೆ ಒಂದೇ ಒಂದು ಅಂಕಿ ಇತ್ತು. ಒಂದು. ನೂರಕ್ಕೆ ಒಂದು ಅಂಕ ಎಂದು ವೀರಣ್ಣ ಮೊದಲು ತಿಳಿದುಕೊಂಡ. ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದ ಮೇಲೆ ಸಂಗತಿ ಅದಕ್ಕಿಂತ ಕೆಟ್ಟದ್ದು ಎಂದು ಗೊತ್ತಾಯಿತು. ಈ ದೇಶದ ಎರಡನೇ ಇಯತ್ತೆಯ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಶರಣವ್ವ ಕಟ್ಟಕಡೆಗೆ ನಿಲ್ಲುತ್ತಾಳೆ ಎಂದು ಅದರರ್ಥ. ಆದಕಾರಣ ಸೋಮವಾರದಿಂದ ಅವಳನ್ನು ಆಟದ ಮೈದಾನದಾಚೆ ಹಿಂದುಳಿದ ಮಕ್ಕಳಿಗೆಂದು ಇಟ್ಟ ತಗಡಿನ ಕೋಣೆಗೆ ಕಳಿಸಲಾಗುವುದು, ವರ್ಷವಿಡೀ ಅವಳ ಓದು ಅಲ್ಲಿಯೇ, ತಂದೆತಾಯಿ ಗುರುವಾರ ಸಂಜೆ ಮೀಟಿಂಗಿಗೆ ಬಂದು ಸಹಿ ಹಾಕತಕ್ಕದ್ದು.

ಸಾವಿರದ ಒಂಬೈನೂರ ಎಂಬತ್ತೆಂಟರ ಅಕ್ಟೋಬರ್ ಅದು. ಶರಣವ್ವ ಗದಗದ ಅಜ್ಜಿಯ ಮಡಿಲಿನಿಂದ ಅಮೆರಿಕದ ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿಗೆ ಬಂದು ಹತ್ತು ತಿಂಗಳಾಗಿತ್ತು. ಇಂಗ್ಲಿಷು ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಮಾತ್ರ ಮಾತು.

ಮರುದಿನ ಊಟದ ಹೊತ್ತಿಗೆ ವೀರಣ್ಣ ಆ ಕಾಗದವನ್ನು ಗುಣಪಾಲನಿಗೆ ತೋರಿಸಿದ. ಗುಣಪಾಲ ಮಂಗಳೂರು ಕಡೆಯವ. ಇಬ್ಬರಿಗೂ ಚಿಪ್ ಕಂಪನಿಯಲ್ಲಿ ಒಂದೇ ಕೆಲಸ. ತಯಾರಾದ ಚಿಪ್ಪುಗಳನ್ನು ಯಂತ್ರದ ಸೂಜಿಯಿಂದ ಚುಚ್ಚಿ ಪರೀಕ್ಷಿಸುವುದು, ಸೋತದ್ದರ ಮೇಲೆ ಮಸಿಯ ಚುಕ್ಕೆ ಇಡುವುದು.

"ಬೇಜಾರು ಮಾಡ್ಬೇಡಿ ಮಾರಾಯ್ರೆ," ಎಂದ ಗುಣಪಾಲ. "ವಾಷಿಂಗ್ಟನ್‌ನವರು ಶಾಲೆಗೆ ದುಡ್ಡು ಕೊಡುದು, ಈ ವರ್ಷ ಹೊಸ ಕಾನೂನೂ ಮಾಡಿದ್ದಾರೆ. ಮಕ್ಕಳು ಮುಂದೆ ಬಂದ್ರಾ ಇಲ್ವಾ ಅಂತ ಅವರು ಕೇಳ್ಬಾರ್ದಾ? ಟೆಸ್ಟು ಇಲ್ಲದೆ ಗೊತ್ತಾಗುದು ಹೇಗೆ? ನಾವು ದಿನಾ ಮಾಡುದು ಎಂತ? ಚಿಪ್ಪು ಅತ್ತರೆ ನೀವು ಪಾಸು ಮಾಡ್ತೀರಾ?"

"ಚಿಪ್ಪಿಗೆ ಮೊದಲು ಕರೆಂಟು ಮುಟ್ಟೈತೋ ಇಲ್ಲೋ ನೋಡ್ತೀವಲ್ರೀ," ಎಂದ ವೀರಣ್ಣ. "ಆಮ್ಯಾಲೆ ಟೆಸ್ಟು. ಹುಡುಗರಿಗೆ ಅದನ್ನ ಯಾರ್ ನೋಡ್ತಾರ?"

"ನಿಮ್ಮದು ಬರೀ ತಂದೆಯ ಮಾತು."

ಹೌದೆನ್ನಿಸಿ ವೀರಣ್ಣ ಕಾಗದ ಮಡಚಿ ಜೇಬಿಗಿಟ್ಟ. ಆ ಒಂದು ಅಂಕಿ ಅವನೊಳಗೂ ಇಳಿದು ಕೂತಿತ್ತು. ಮಗಳು ಅನ್ನ ಕಲಸುವಾಗ, ಬೂಟಿನ ದಾರ ಕಟ್ಟುವಾಗ ಅವನು ಅವಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದ. ಹುಡುಗಿ ಮಂದವೇ? ನಮಗೇ ಗೊತ್ತಾಗಲಿಲ್ಲವೇ? ಅಂಕಿಯ ಕ್ರೌರ್ಯ ಇರುವುದೇ ಇಲ್ಲಿ. ಅದು ಶಾಲೆಯಲ್ಲಿ ನಿಲ್ಲುವುದಿಲ್ಲ, ಮನೆಗೆ ಬಂದು ಅಪ್ಪನ ಕಣ್ಣನ್ನು ಕೆಡಿಸುತ್ತದೆ.

ಗುರುವಾರ ಶಾಲೆಯ ಲೈಬ್ರರಿಯಲ್ಲಿ ಇಪ್ಪತ್ತೊಂದು ಮಕ್ಕಳ ಹೆತ್ತವರು ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಬಂದ ವಿಯೆಟ್ನಾಮಿನವರು, ಮೆಕ್ಸಿಕೋದವರು, ಫಿಲಿಪೀನ್ಸಿನವರು. ತಗಡಿನ ಕೋಣೆಯ ಪಟ್ಟಿಯಲ್ಲಿದ್ದವರು ಬಹುಪಾಲು ಇಂಥ ಮನೆಗಳ ಮಕ್ಕಳೇ. ಇದು ಆಕಸ್ಮಿಕ ಎಂದು ನಂಬುವಷ್ಟು ದಡ್ಡರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಪ್ರಿನ್ಸಿಪಾಲರೂ ಟೀಚರುಗಳೂ ಗೋಡೆಗುಂಟ ನಿಂತಿದ್ದರು. ಜಿಲ್ಲಾ ಆಫೀಸಿನಿಂದ ಬಂದ ಅಧಿಕಾರಿ ಗ್ರಾಫು ತೋರಿಸಿದ, ಕಾನೂನು ಹೇಳಿದ, ಸಹಿಯ ಹಾಳೆ ಹಂಚಿದ.

ಹಿಂದಿನ ಸಾಲಿನ ಮೆಕ್ಸಿಕನ್ ಹೆಂಗಸೊಬ್ಬಳು ಕೈಯೆತ್ತಿದಳು. "ನನ್ನ ಮಗನಿಗೆ ಏನು ಕೇಳಿದಿರಿ? ಆ ಪ್ರಶ್ನೆ ತೋರಿಸಿ."

"ಅದು ಸಾಧ್ಯವಿಲ್ಲ ಅಮ್ಮ. ಪ್ರಶ್ನೆಗಳಿಗೆ ಮೊಹರು ಹಾಕಿದೆ. ಮುಂದಿನ ವರ್ಷವೂ ಅವನ್ನೇ ಬಳಸಬೇಕು."

ಕಳ್ಳನಿಗೂ ಕೋರ್ಟಿನಲ್ಲಿ ಆರೋಪವನ್ನು ಓದಿ ಹೇಳುತ್ತಾರೆ. ಏಳು ವರ್ಷದ ಮಗುವಿಗೆ ಶಿಕ್ಷೆ ಮಾತ್ರ, ಆರೋಪ ಗುಟ್ಟು. ಮುಚ್ಚಳ ತೆಗೆದ ಪೆನ್ನನ್ನು ವೀರಣ್ಣ ಸಹಿಯ ಗೆರೆಗೆ ಮುಟ್ಟಿಸಲಿಲ್ಲ. ಅವನು ಪಕ್ಕದಲ್ಲಿದ್ದ ಮಗಳ ಕಡೆ ಬಾಗಿದ.

"ಅವತ್ತ ಏನ್ ಕೇಳಿದ್ರವ್ವಾ ನಿನಗ?"

ಶರಣವ್ವನ ಮುಖ ಅರಳಿತು. "ಇವತ್ತ ಕೇಳ್ತಾರೇನಪ್ಪಾ? ಎಲ್ಲಾ ಹೇಳ್ಲ್ಯಾ?"

ಅವನು ಹೂಂ ಅನ್ನುವುದರೊಳಗೆ ಎದ್ದು ನಿಂತಳು. ಎರಡೂ ಕೈ ಕಟ್ಟಿಕೊಂಡಳು, ಕಣ್ಣು ಮುಚ್ಚಿದಳು. ಆ ನಿಲುವು ವೀರಣ್ಣನಿಗೆ ಗೊತ್ತಿತ್ತು. ಗದಗದ ಪಡಸಾಲೆಯಲ್ಲಿ ಅವನೂ ಹೀಗೆಯೇ ನಿಂತಿದ್ದ. ಅವನ ತಾಯಿ ಬಂಗಾರೆವ್ವನಿಗೆ ಓದು ಬರಹ ಇಲ್ಲ. ಅವಳ ಶಾಲೆಯೆಲ್ಲ ಕಿವಿಯದ್ದು. ಇವತ್ತು ದೀಪ ಹಚ್ಚಿದ ಮೇಲೆ ಅವಳು ಹೇಳಬೇಕು, ಮಕ್ಕಳು ಕೇಳಬೇಕು. ನಾಳೆ ಅದೇ ಹೊತ್ತಿಗೆ ಒಬ್ಬೊಬ್ಬರನ್ನೇ ಕರೆದು ಒಪ್ಪಿಸಿಕೊಳ್ಳುತ್ತಿದ್ದಳು. ಪರೀಕ್ಷೆ ಎಂದರೆ ಆ ಮನೆಯಲ್ಲಿ ಅದೇ. ಅಚ್ಚಾದ ಪುಸ್ತಕದಲ್ಲಿ ಪೆನ್ಸಿಲ್ ಆಡಿಸಿದವರಿಗೆ ತೊಡೆ ಕೆಂಪಾಗುವಂತೆ ಚಿವುಟು.

ಹುಡುಗಿ ಬಾಯಿ ತೆರೆದಳು. ಬಂದದ್ದು ಇಂಗ್ಲಿಷು, ಅದೂ ಅವಳ ಟೀಚರ್ ಮಿಸ್ ಕೆಲರ್‌ರ ಇಂಗ್ಲಿಷು. "ಮಕ್ಕಳೇ, ಪ್ರತಿ ಪ್ರಶ್ನೆಯನ್ನು ಎರಡು ಸಲ ಓದುತ್ತೇನೆ. ನಿಮ್ಮ ನಿಮ್ಮ ಹಾಳೆಯನ್ನೇ ನೋಡಿ. ಒಂದನೆಯದು. ಸ್ಯಾಲಿಯ ಹತ್ತಿರ ಎಂಟು ದೋಣಿ..." ಪ್ರಶ್ನೆಯನ್ನು ಎರಡು ಸಲ ಹೇಳಿದಳು. ಒಂದು ಉಸಿರು ಬಿಟ್ಟು ತನ್ನ ಸಣ್ಣ ದನಿಯಲ್ಲಿ ಸರಿಯಾದ ಉತ್ತರ ಹೇಳಿದಳು. ಎರಡನೆಯದು. ಮೂರನೆಯದು. ಕುದುರೆಯ ಕತೆ, ಗಡಿಯಾರದ ಮುಳ್ಳು, ಅಂಚೆಯವನ ಚೀಲ. ನಡುವೆ ಒಂದು ಕೆಮ್ಮು ಬಂತು, ಅದೂ ಟೀಚರದೇ. ಪಾಪ, ಗೋಡೆಯ ಬಳಿ ನಿಂತಿದ್ದ ಮಿಸ್ ಕೆಲರ್ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

ಬೀಗ ಹಾಕಿ, ಮೊಹರು ಒತ್ತಿ, ಕಾನೂನಿನ ಕಾವಲಿಟ್ಟ ಆ ಪುಸ್ತಕ ನಾಲ್ಕು ಅಡಿಯೂ ಇಲ್ಲದ ಹುಡುಗಿಯೊಬ್ಬಳ ನಾಲಿಗೆಯ ಮೇಲೆ ಒಂದು ಅಕ್ಷರವೂ ಸವೆಯದೆ ಕೂತಿತ್ತು. ಇಂಗ್ಲಿಷು ತಿಳಿಯದ ಅಪ್ಪಂದಿರೂ ಕೂತಲ್ಲೇ ನೆಟ್ಟಗಾದರು. ದಿನಕ್ಕೆ ಸಾವಿರ ಚಿಪ್ಪು ಪರೀಕ್ಷಿಸುವ ನಾನು, ಎಂದುಕೊಂಡ ವೀರಣ್ಣ, ಪಕ್ಕದಲ್ಲಿ ಮಲಗುವ ಈ ಸಮುದ್ರವನ್ನು ಕಾಣದೆ ಹೋದೆನಲ್ಲ.

ಹನ್ನೆರಡನೆಯದಕ್ಕೆ ಅಧಿಕಾರಿ ಎಚ್ಚೆತ್ತ. "ನಿಲ್ಲಿಸಿ. ಈ ಮಗುವನ್ನು ನಿಲ್ಲಿಸಿ."

"ನೀವು ಸುಮ್ಮನಿರಿ," ಎಂದಳು ಮೆಕ್ಸಿಕನ್ ಹೆಂಗಸು. "ನನ್ನ ಮಗನಿಗೆ ಏನು ಕೇಳಿದಿರಿ ಅಂತ ಈಗ ಗೊತ್ತಾಗ್ತಾ ಇದೆ."

ಶರಣವ್ವ ನಿಲ್ಲಲಿಲ್ಲ. ಮೂವತ್ತೊಂದನೆಯ ಉತ್ತರ ಮುಗಿದಾಗ ಮಿಸ್ ಕೆಲರ್ ಹತ್ತಿರ ಬಂದು ಅವಳ ಮುಂದೆ ಮೊಣಕಾಲೂರಿದರು. ಅವರ ಕಣ್ಣು ತುಂಬಿತ್ತು. "ಮತ್ತೆ ಆ ದಿನ ಯಾಕೆ ಪುಸ್ತಕದಲ್ಲಿ ಉತ್ತರದ ಒಂದು ವೃತ್ತವನ್ನೂ ಪೆನ್ಸಿಲಿನಿಂದ ತುಂಬಲಿಲ್ಲ?"

ಹುಡುಗಿ ಅಪ್ಪನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. "ಪುಸ್ತಕದಾಗ ಗೀಚಬಾರದಲ್ಲಪ್ಪಾ. ಮರುದಿನ ಕರದು ಕೇಳ್ತಾರಂತ ಕುಂತೆ. ಕೇಳಲೇ ಇಲ್ಲ. ಮೂರು ವಾರ ಆತು. ಟೀಚರ್ ಮರ್ತಾರಂತ ನಾನೂ ಸುಮ್ಮನಾದೆ. ನೆನಪು ಮಾಡಿದ್ರ ಅವರಿಗೆ ಅವಮಾನ ಅಲ್ಲೇನು?"

ವೀರಣ್ಣ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ.

"ಅಚ್ಚರಿಯ ಮಗು, ಒಪ್ಪುತ್ತೇನೆ," ಎಂದ ಅಧಿಕಾರಿ. "ಆದರೆ ಯಂತ್ರ ಓದಿದ್ದು ಖಾಲಿ ಹಾಳೆ. ಕಾನೂನಿಗೆ ಅದೇ ಲೆಕ್ಕ."

ವೀರಣ್ಣ ಪೆನ್ನಿನ ಮುಚ್ಚಳ ಹಾಕಿದ. "ಹಾಗಾದರೆ ಕಾನೂನೇ ಬಂದು ಸಹಿ ಮಾಡಲಿ. ನಾನು ಮಾಡಲ್ಲ. ಕಿವಿ ಇಲ್ಲದ ಯಂತ್ರದ ಮಾತು ಕೇಳಿ ನನ್ನ ಮಗಳನ್ನು ತಗಡಿನ ಕೋಣೆಗೆ ಹಾಕಲ್ಲ."

ಒಂದೊಂದೇ ಪೆನ್ನು ಕೆಳಗಿಳಿಯಿತು. ಅಧಿಕಾರಿ ತನ್ನ ಕಾಗದಗಳನ್ನು ಬಾಚಿಕೊಳ್ಳುತ್ತ ಪ್ರಿನ್ಸಿಪಾಲರಿಗೆ ಗದರುವಂತೆ ಹೇಳಿದ. "ಏನಾಯಿತು ಗೊತ್ತೇ? ಪ್ರಶ್ನೆಗಳು ಹೊರಗೆ ಬಂದವು. ಈ ಶಾಲೆಯ ಅಂಕಗಳೆಲ್ಲ ಇನ್ನು ರದ್ದು. ಇಪ್ಪತ್ತೊಂದೂ. ಜನವರಿಯಲ್ಲಿ ಹೊಸ ಪರೀಕ್ಷೆ, ಅಲ್ಲಿಯವರೆಗೆ ಯಾರನ್ನೂ ಎಲ್ಲಿಗೂ ಕಳಿಸುವಂತಿಲ್ಲ."

ಅವನು ಅದನ್ನು ಶಿಕ್ಷೆ ಎಂದೇ ಹೇಳಿದ್ದು. ಕೋಣೆಯಲ್ಲಿ ಮೂರು ನಾಲ್ಕು ಭಾಷೆಗಳಲ್ಲಿ ಪಿಸುಮಾತು ಹರಿದು ಎಲ್ಲರಿಗೂ ಅರ್ಥ ತಲುಪಿತು. ಯಾರೋ ಅಳತೊಡಗಿದರು, ಇನ್ಯಾರೋ ನಕ್ಕರು. ಮೆಕ್ಸಿಕನ್ ಹೆಂಗಸು ಬಂದು ಶರಣವ್ವನ ತಲೆಯ ಮೇಲೆ ಕೈಯಿಟ್ಟಳು.

ಹುಡುಗಿಗೆ ಇದಾವುದೂ ಬೇಕಿರಲಿಲ್ಲ. "ಅಪ್ಪಾ, ಇನ್ನೂ ಹದಿನಾಲ್ಕು ಅದಾವ," ಎಂದಳು.

ಮಿಸ್ ಕೆಲರ್ ನೆಲದ ಮೇಲೆ ಕಾಲು ಮಡಚಿ ಕೂತರು. ಹೊರಟಿದ್ದ ಜನ ಬಾಗಿಲಲ್ಲೇ ನಿಂತರು. ವೀರಣ್ಣ ಕುರ್ಚಿಯಿಂದ ಎದ್ದ. ಮಗಳ ಎದುರು ಕೂತಿರುವುದು ಅವನಿಂದಾಗಲಿಲ್ಲ.

ಮೂವತ್ತೆರಡನೆಯದು ಒಂದು ಹಡಗಿನ ಪ್ರಶ್ನೆ.