ಆಚಾರಿಯನ್ನು ಕಳಿಸಿಕೊಟ್ಟ ಮನೆ

ಕನ್ನಡ ಮಾತಾಡುವವರೆಲ್ಲ ಒಂದೇ ಸೂರಿನಡಿ ಬಂದರು ಎಂದು ರಿಪ್ಪನ್‌ಪೇಟೆಯಲ್ಲಿ ಲಾಡು ಹಂಚಿದ ಮರುವರ್ಷ, ಅರಳಸುರಳಿಯ ಮೋನಪ್ಪಾಚಾರಿ ತನ್ನ ಸಂಸಾರವನ್ನೂ ತನ್ನ ಮರಗೆಲಸವನ್ನೂ ಒಂದೇ ಸೂರಿನಡಿ ತರಲು ಹೊರಟ. ರಾಜ್ಯದ ಕೆಲಸವೇ ಸುಲಭವಾಗಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು.

ಮೂವತ್ತು ವರ್ಷದಲ್ಲಿ ಅವನು ಸುತ್ತಲಿನ ಹಳ್ಳಿಗಳಲ್ಲಿ ನಲವತ್ತೆರಡು ಮನೆ ಕಟ್ಟಿದ್ದ. ನಲವತ್ತೆರಡು ಜಗಲಿಗಳ ಮೇಲೆ ಮಲಗಿದ್ದ. ಮನೆ ಕೆಲಸ ಇಲ್ಲದ ದಿನ ಯಾರದೋ ನೇಗಿಲು ಮುರಿದು, ಗದ್ದೆಯ ಅಂಚಿನಿಂದ ಒಂದು ಕೂಗು ಬರುತ್ತಿತ್ತು. ಇವನು ಹತಾರದ ಚೀಲ ಹೆಗಲಿಗೇರಿಸಿ ಹೊರಡಬೇಕು. ಊರಿನಲ್ಲಿ ನೇಗಿಲು ಆಚಾರಿಯ ಹತ್ತಿರ ಹೋಗುವ ಪದ್ಧತಿ ಇರಲಿಲ್ಲ, ಆಚಾರಿಯೇ ನೇಗಿಲಿನ ಹತ್ತಿರ ಹೋಗಬೇಕಿತ್ತು. ಐವತ್ತೆಂಟು ತುಂಬುವ ಹೊತ್ತಿಗೆ ಅವನ ಎರಡು ಮೊಣಕಾಲೂ ಈ ಪದ್ಧತಿಗೆ ಒಪ್ಪದಾದವು.

ಆಗ ಜೈನರ ಚಂದ್ರನಾಥಯ್ಯನವರು, ತಮ್ಮ ಮನೆಗೆ ಮಹಡಿ ಎಬ್ಬಿಸಿಕೊಟ್ಟ ಸಂತೋಷಕ್ಕೆ, ರಸ್ತೆ ಪಕ್ಕದ ಹತ್ತು ಗುಂಟೆ ಜಾಗವನ್ನು ಅವನಿಗೆ ಬಿಟ್ಟುಕೊಟ್ಟರು. ಮೋನಪ್ಪಾಚಾರಿ ಅಲ್ಲಿ ಐದು ಅಂಕಣದ ಮನೆ ಎತ್ತಿದ. ಎರಡು ಅಂಕಣ ಇರುವುದಕ್ಕೆ, ಮೂರು ಅಂಕಣ ಕೆಲಸದ ಸಾಲೆಗೆ. ನಡುವಿನ ಗೋಡೆಯಲ್ಲಿ, ಅಡಿಗೆಮನೆಯಿಂದ ಸಾಲೆಗೆ ಕಾಣುವ ಹಾಗೆ, ಒಂದು ಮೊಳ ಉದ್ದದ ಕಿಂಡಿ ಬಿಟ್ಟ. ಹೆಂಡತಿ ಯಮುನಮ್ಮ ಅದರಲ್ಲಿ ಕಾಫಿ ಲೋಟ ನೀಡಬೇಕು, ಇವನು ಕೂತಲ್ಲೇ ಕೈ ಚಾಚಿ ತೆಗೆದುಕೊಳ್ಳಬೇಕು. ಅವನ ಬಾಳಿನ ಆಸೆಯೆಲ್ಲ ಆ ಕಿಂಡಿಯಲ್ಲಿ ಹಿಡಿಸುವಷ್ಟೇ ಇತ್ತು.

ಹೆಂಚು ಹೊದಿಸಿದ ಮೇಲೆ ಸುಬ್ಬಪ್ಪಗೌಡರು ನೋಡಲು ಬಂದರು. ಊರಿನ ಶಾಸ್ತ್ರ ಸಂಪ್ರದಾಯಗಳಿಗೆಲ್ಲ ಗೌಡರೇ ಗತಿ. ಬೇರೆಯವರು ಪಾಲಿಸಬೇಕಾದವು ಅವರಿಗೆ ಚೆನ್ನಾಗಿ ನೆನಪಿರುತ್ತಿದ್ದವು. ಅವರು ಸಾಲೆಯನ್ನು ನೋಡಿದರು, ಕಿಂಡಿಯನ್ನು ನೋಡಿದರು, ಇನ್ನು ಮುಂದೆ ನೇಗಿಲನ್ನು ಹೊತ್ತುಕೊಂಡು ಇಲ್ಲಿಗೇ ಬರಬೇಕಾಗುತ್ತದೆ ಎಂಬುದನ್ನೂ ಕಂಡುಕೊಂಡರು.

"ಚಂದ ಕಟ್ಟಿದೀಯ ಮಾರಾಯ. ಒಕ್ಕಲಾಗೋದು ಯಾವಾಗ?"

"ಸೋಮವಾರ ಗೌಡ್ರೇ."

"ಮತ್ತೆ ಆಚಾರೀನ ಕಳ್ಸೋದು?"

ಮೋನಪ್ಪಾಚಾರಿ ತಮಾಷೆ ಎಂದುಕೊಂಡು ನಕ್ಕ. ಗೌಡರು ನಗಲಿಲ್ಲ.

ಆ ಕಡೆಯ ಕ್ರಮ ಹೀಗಿತ್ತು. ಮನೆ ಮುಗಿದ ಮೇಲೆ, ಯಜಮಾನ ಒಕ್ಕಲಾಗುವ ಮೊದಲು, ಆಚಾರಿಯನ್ನು ಕಳಿಸಿಕೊಡಬೇಕು. ಅವನು ಹತಾರಗಳಿಗೆ ಪೂಜೆ ಮಾಡಿ, ಪಂಚೆ ತೆಂಗಿನಕಾಯಿ ಇಸಕೊಂಡು, ಚೀಲ ಹೊತ್ತು ಹೊಸಿಲು ದಾಟಿ, ತಿರುಗಿ ನೋಡದೆ ಹೋಗಬೇಕು. ಕಟ್ಟಿದವನ ಕಣ್ಣು ಕಟ್ಟಿದ್ದರ ಮೇಲೆ ಉಳಿದರೆ ಮನೆಗೆ ಕೇಡು. ಮುಂದೆ ಅವನು ಊಟಕ್ಕೆ ಬರಬಹುದು, ಹತಾರ ಹಿಡಿದು ಮಾತ್ರ ಆ ಹೊಸಿಲು ದಾಟುವಂತಿಲ್ಲ.

"ಗೌಡ್ರೇ, ಇಲ್ಲಿ ಆಚಾರಿ ನಾನೇ ಅಲ್ವಾ?"

"ಅದ್ಕೇ ಹೇಳಿದ್ದು. ನೀನೇ ಹೋಗ್ಬೇಕು. ಆಮೇಲೆ ಯಜಮಾನ ಆಗಿ ಬಾ, ಬೇಡ ಅಂದೋರ್ ಯಾರು? ಹತಾರ ತರಬೇಡ, ಅಷ್ಟೇ."

"ಸಾಲೇಲಿ ಎಂತ ಮಾಡ್ಲಿ ಮತ್ತೆ?"

"ಸೌದೆ ಒಟ್ಟು. ಹತಾರ ನಮ್ಮನೆ ಕೊಟ್ಟಿಗೇಲಿ ಇಟ್ಕೊ, ಅದು ಹೊಸ್ಲಿಂದ ಹೊರಗೇ ಅಲ್ವಾ. ದಿನಾ ಬಂದು ಅಲ್ಲೇ ಕೆಲ್ಸ ಮಾಡು. ನಾವೇನು ಹೊರಗಿನೋರಾ?"

ಮೋನಪ್ಪಾಚಾರಿ ಚಂದ್ರನಾಥಯ್ಯನವರ ಹತ್ತಿರ ಓಡಿದ. ಅವರು ಸಾವಧಾನವಾಗಿ ಕೇಳಿ, "ಗೌಡ್ರು ಹೇಳೋದೂ ಸರಿ, ನೀ ಹೇಳೋದೂ ಸರಿ" ಎಂದರು. ಎಲ್ಲ ಕಡೆಯೂ ಸತ್ಯ ಕಾಣುವುದು ಅವರ ಮನೆತನದ ಗುಣ. ಅದರಿಂದ ಯಾರಿಗೂ ಕೆಡುಕಾಗಿರಲಿಲ್ಲ, ಉಪಕಾರವೂ ಆಗಿರಲಿಲ್ಲ.

ಬೇಡ ಎನ್ನುವ ಧೈರ್ಯ ಆಚಾರಿಗೆ ಬರಲಿಲ್ಲ. ನಲವತ್ತೆರಡು ಮನೆಗಳಲ್ಲಿ ಪಂಚೆ ಇಸಕೊಂಡವನು ನಲವತ್ತಮೂರನೆಯದರಲ್ಲಿ ಶಾಸ್ತ್ರ ಸುಳ್ಳು ಎನ್ನುವುದು ಹೇಗೆ? ಮಳೆಗಾಲದಲ್ಲಿ ಊರಿನ ಒಂದು ಎಮ್ಮೆ ಸತ್ತರೂ ಅದು ತನ್ನ ತಲೆಗೇ ಬರುತ್ತದೆ. ಕೇಡಿನ ಸಾಲೆಗೆ ಆಮೇಲೆ ಯಾರು ನೇಗಿಲು ತಂದಾರು?

ಭಾನುವಾರ ಇಳಿಹೊತ್ತಿಗೆ ಊರು ಸೇರಿತು. ಕೋಳಿ ಕೊಯ್ಯುವುದು ವಾಡಿಕೆ. ಚಂದ್ರನಾಥಯ್ಯನವರು ಎದುರಿಗೇ ನಿಂತಿದ್ದರಿಂದ ಬೂದುಗುಂಬಳಕ್ಕೆ ಆ ಯೋಗ ಬಂತು. ಹೊತ್ತು ಮುಳುಗುವುದರೊಳಗೆ ಅವರಿಗೆ ಊಟ ಆಗಬೇಕು, ಹಾಗಾಗಿ ಬಿಸಿಲನ್ನು ನೋಡಿ ನೋಡಿ ಅವಸರ ಮಾಡುತ್ತಿದ್ದರು. ಕೊಡುವವನೂ ತಾನೇ ಇಸಕೊಳ್ಳುವವನೂ ತಾನೇ ಆದರೆ ಆಗುವುದಿಲ್ಲವೆಂದು ಗೌಡರು ಯಮುನಮ್ಮನನ್ನು ಯಜಮಾನಿ ಮಾಡಿ ಕೈಗೆ ತಟ್ಟೆ ಕೊಟ್ಟರು.

"ಮೂವತ್ತು ವರ್ಷ ಇವ್ರು ಮನೇಲಿದ್ದಿದ್ದೇ ಕಮ್ಮಿ," ಎಂದಳು ಆಕೆ, ಎಲ್ಲರಿಗೂ ಕೇಳುವ ಹಾಗೆ. "ಈಗ ಮನೆ ಅಂತ ಒಂದಾಯ್ತು, ಮೊದ್ಲು ಇವ್ರನ್ನೇ ಹೊರಗೆ ಹಾಕ್ಬೇಕಂತೆ." ಪಂಚೆಯನ್ನು ಗಂಡನ ಕೈಗೆ ಇಡುವಾಗ ಅವಳ ಕಣ್ಣು ತುಂಬಿತ್ತು, ಅರ್ಧ ದುಃಖಕ್ಕೆ, ಅರ್ಧ ಸಿಟ್ಟಿಗೆ.

ಮೋನಪ್ಪಾಚಾರಿ ಚೀಲ ಹೊತ್ತು ಹೊಸಿಲು ದಾಟಿದ. ಇಷ್ಟು ವರ್ಷ ಹೀಗೆ ಹೊರಟಾಗಲೆಲ್ಲ ಮುಂದಿನ ಕೆಲಸದ ಯೋಚನೆ ಇರುತ್ತಿತ್ತು. ಇವತ್ತು ಮುಂದೆ ಗೌಡರ ಕೊಟ್ಟಿಗೆ ಬಿಟ್ಟು ಏನೂ ಇರಲಿಲ್ಲ. ತಾನು ಊರಿನವರಿಗೆಲ್ಲ ಬಾಗಿಲು ಮಾಡಿಕೊಟ್ಟು ಪ್ರತಿ ಬಾಗಿಲಿನಿಂದಲೂ ಹೊರಗೆ ನಡೆದವನು ಎನ್ನುವುದು ಅವನಿಗೆ ಆಗ ಹೊಳೆಯಿತು. ರಸ್ತೆ ತಿರುವಿನ ಹಲಸಿನ ಮರದ ಹತ್ತಿರ ಅವನ ಕಾಲು ನಿಂತಿತು. ಅವನು ತಿರುಗಿ ನೋಡಿಬಿಟ್ಟ.

ತಾನು ಕಟ್ಟಿದ ಮನೆಯೊಂದನ್ನು ಅವನು ದೂರ ನಿಂತು ಕಣ್ತುಂಬ ನೋಡಿದ್ದು ಅದೇ ಮೊದಲು. ಬೇರೆ ಮನೆಗಳ ಮುಂದೆ ಹಾಯುವಾಗ ಕೇಡಿಗೆ ಹೆದರಿ ಕಣ್ಣು ನೆಲಕ್ಕೆ ಇಳಿಸಿಯೇ ನಡೆದಿದ್ದ. ಚಂದ ಕಂಡಿತು. ಮರಗಳ ನಡುವೆ ಹೊಸ ಹೆಂಚು ಕೆಂಪಗೆ ಹೊಳೆಯುತ್ತಿತ್ತು. ಆಮೇಲೆ ಅವನು ಒಂದು ಕಣ್ಣು ಮುಚ್ಚಿದ. ಮಾಡಿನ ನೆತ್ತಿಯ ತೊಲೆ ಸಾಲೆಯ ಕಡೆಗೆ ಎರಡು ಬೆರಳು ತಗ್ಗಿತ್ತು.

ಮೊದಲು ನಾಚಿಕೆಯಿಂದ ಮೈ ಬಿಸಿಯಾಯಿತು. ಮೂವತ್ತು ವರ್ಷದ ಕೈ! ಇನ್ನೊಮ್ಮೆ ನೋಡಿದ, ಎರಡೇ ಬೆರಳು. ನೋಡುತ್ತ ನೋಡುತ್ತ ಅವನ ಮುಖ ಅರಳಿತು. ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಮೊಣಕಾಲಿನ ನೋವು ಮರೆತು, ಬಂದ ದಾರಿಯಲ್ಲೇ ವಾಪಸು ಹೊರಟ.

"ಏ ಆಚಾರಿ! ತಿರುಗಿ ನೋಡಿದ್ಯಲ್ಲೋ ಪಾಪಿ!" ಗೌಡರು ಕೂಗಿಕೊಂಡರು.

"ನೋಡಿದ್ದೇ ಒಳ್ಳೇದಾಯ್ತು ಗೌಡ್ರೇ. ನೆತ್ತಿ ತೊಲೆ ಎರಡು ಬೆರಳು ಇಳಿದಿದೆ. ಕೆಲ್ಸ ಮುಗ್ದಿಲ್ಲ. ಕೆಲ್ಸ ಮುಗೀದೆ ಆಚಾರೀನ ಕಳ್ಸೋ ಕ್ರಮ ಎಲ್ಲಿದೆ?"

ಹದಿನಾರು ವರ್ಷದ ಹಿಂದೆ ಗೌಡರ ಮನೆ ಮುಗಿದಾಗ, ಒಂದು ಕಿಟಕಿಯ ಬಾಗಿಲು ಕಿರ್ ಎನ್ನುತ್ತದೆಂದು ಇದೇ ಮಾತು ಹೇಳಿ ಆಚಾರಿಯನ್ನು ಹನ್ನೊಂದು ದಿನ ಹಿಡಿದಿಟ್ಟುಕೊಂಡು, ಒಂದು ಮಂಚವನ್ನೂ ಎರಡು ಒನಕೆಯನ್ನೂ ಮಾಡಿಸಿಕೊಂಡಿದ್ದರು. ಆ ಕಥೆ ಊರಿಗೆಲ್ಲ ಗೊತ್ತಿತ್ತು.

"ಮತ್ತೆ ಯಾವಾಗ ಮುಗಿಸ್ತೀಯ?" ಎಂದರು ಕೊನೆಗೆ.

"ಹೆಂಚೆಲ್ಲ ಇಳಿಸ್ಬೇಕು. ಮಳೆಗಾಲ ಬೇರೆ ಬಂತು. ಮುಂದಿನ ಬೇಸಿಗೆಗೆ ನೋಡನ. ಅಲ್ಲೀವರೆಗೆ ಕೆಲ್ಸದ ಮನೇಲೇ ಇರ್ತೀನಿ, ಆಚಾರಿ ಯಾವಾಗ್ಲೂ ಹಾಗೇ ಅಲ್ವಾ ಇರೋದು?"

"ಆಚಾರಿ ಹೇಳೋದು ಸರಿ," ಎಂದು ಚಂದ್ರನಾಥಯ್ಯನವರು, ಜೀವಮಾನದಲ್ಲಿ ಮೊದಲ ಸಲ ಒಂದೇ ಕಡೆಯ ಮಾತಾಡಿ, ಊಟಕ್ಕೆ ಹೊತ್ತಾಯಿತೆಂದು ಓಡಿದರು.

ಜನ ಚದುರಿತು. ಗೌಡರು ಮಾತ್ರ ತಮ್ಮ ಮನೆ ತಲುಪಿದವರು ಒಳಗೆ ಹೋಗದೆ ರಸ್ತೆಯಲ್ಲೇ ನಿಂತು, ಒಂದು ಕಣ್ಣು ಮುಚ್ಚಿ ಮೇಲೆ ನೋಡುತ್ತಿದ್ದರಂತೆ.

ಮರುದಿನ ಬೆಳಿಗ್ಗೆ ಅವರು ಸಾಲೆಯ ಬಾಗಿಲಿಗೆ ನಡೆದುಕೊಂಡು ಬಂದರು. ಮೋನಪ್ಪಾಚಾರಿ ಕೂತು ಹಲಗೆ ಕೀಸುತ್ತಿದ್ದ.

"ಆಚಾರಿ, ನಮ್ಮನೆ ತೊಲೇನೂ ಎರಡು ಬೆರಳು ಇಳಿದಂಗಿದೆ ಕಣೋ."

"ಇರ್ಬಹುದು ಗೌಡ್ರೇ. ಅದೂ ಇದೇ ಕೈ."

"ಬಂದು ಸರಿ ಮಾಡ್ಕೊಡು."

ಮೋನಪ್ಪಾಚಾರಿ ಕೆಲಸ ನಿಲ್ಲಿಸಿ ನಿಜವಾದ ಸಂಕಟದಿಂದ ಅವರ ಮುಖ ನೋಡಿದ.

"ಹ್ಯಾಗೆ ಬರ್ಲಿ ಗೌಡ್ರೇ? ನಿಮ್ಮನೆಯಿಂದ ನನ್ನ ಕಳ್ಸಿ ಹದಿನಾರು ವರ್ಷ ಆಯ್ತಲ್ಲ. ಹತಾರ ಹಿಡ್ಕೊಂಡು ಹೊಸ್ಲು ದಾಟಿದ್ರೆ ಕೇಡು ಅಂತ ನೀವೇ ಹೇಳಿದ್ರಿ. ನೇಗಿಲು ಗೀಗಿಲು ಇದ್ರೆ ಇಲ್ಲಿಗೇ ತಗೊಂಡ್ ಬನ್ನಿ."

ಕಿಂಡಿಯಲ್ಲಿ ಬಳೆಯ ಸದ್ದಾಯಿತು. ಮೋನಪ್ಪಾಚಾರಿ ಕೂತಲ್ಲೇ ಕೈ ಚಾಚಿ ಲೋಟ ತೆಗೆದುಕೊಂಡ.