ಹನ್ನೊಂದನೇ ನಂಬರಿನ ಹಳದಿ ಗೆರೆ

“ಇನ್ನೊಂದ್ಸಲ ನೋಡಿ ಅಕ್ಕ. ಬೇಕಾದ್ರೆ ಕಾಲಿಗೆ ಬೀಳ್ತೀನಿ.”

“ನೀನು ಕಾಲಿಗೆ ಬಿದ್ರೆ ಬಂದೂಕು ಯಾರು ಹಿಡ್ಕೊಳ್ಳೋದು? ಕೊಡು ಇಲ್ಲಿ.”

ಆಯುಧ ಕೋಣೆಯ ಮೆಕ್ಯಾನಿಕ್ ಅರ್ಧ ತಿಂದ ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಹನ್ನೊಂದನೇ ನಂಬರಿನ ರೈಫಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮ್ಯಾಗಜೀನ್ ಕಳಚಿ ಬದಿಗಿಟ್ಟಳು. ಬೋಲ್ಟ್ ಹಿಂದಕ್ಕೆಳೆದು ಗುಂಡು ಕೂರುವ ಗೂಡಿನೊಳಗೆ ಇಣುಕಿದಳು. ಕಣ್ಣೊಂದನ್ನೇ ನಂಬುವವಳಲ್ಲ, ಕಿರುಬೆರಳನ್ನೂ ತೂರಿಸಿ ನೋಡಿದಳು. “ಖಾಲಿ,” ಎಂದಳು. ಎದುರಿಗಿದ್ದವರೂ ನೋಡಿ ಅದನ್ನೇ ಹೇಳಬೇಕು, ಅದು ಆ ಕೋಣೆಯ ಕಟ್ಟಳೆ.

“ಖಾಲಿ,” ಎಂದಳು ಅವಳಿಯಮ್ಮ. ಅವಳ ದನಿಯೂ ಹಾಗೇ ಇತ್ತು.

ಅವಳಿಯಮ್ಮ ಎನ್ನುವುದು ನೀರು ಸರಬರಾಜು ಕೇಂದ್ರದ ಕಾವಲು ಪಡೆಯವರು ಇಟ್ಟ ಹೆಸರು. ಮನೆಯಲ್ಲಿ ಮೂರು ವರ್ಷದ ಎರಡು ಹೆಣ್ಣುಮಕ್ಕಳು, ಒಂದು ಅತ್ತರೆ ಇನ್ನೊಂದು ಕಾರಣ ಕೇಳದೆ ದನಿಗೂಡಿಸುವಂಥವು. ಮೆಕ್ಯಾನಿಕ್‌ಳನ್ನು ಎಲ್ಲರೂ ಎದುರಿಗೂ ಬೆನ್ನ ಹಿಂದೆಯೂ ಸ್ಕ್ರೂ ಅಕ್ಕ ಎಂದೇ ಕರೆಯುತ್ತಿದ್ದರು. ಪಡೆಯ ಇಪ್ಪತ್ನಾಲ್ಕು ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳ ಒಂದೊಂದು ಸ್ಕ್ರೂವಿನ ಜಾತಕವೂ ಅವಳಿಗೆ ಬಾಯಿಪಾಠ.

ವರ್ಷಕ್ಕೊಮ್ಮೆ ಪ್ರತಿಯೊಬ್ಬ ಕಾವಲಿನವರೂ ತಮ್ಮ ಹೆಸರಿಗೆ ಕೊಟ್ಟ ರೈಫಲ್‌ನಿಂದಲೇ ಗುರಿ ಪರೀಕ್ಷೆ ಪಾಸಾಗಬೇಕು. ಹತ್ತು ಗುಂಡು, ಏಳಾದರೂ ಕಪ್ಪು ವೃತ್ತದೊಳಗೆ ಬೀಳಬೇಕು. ಅವಕಾಶ ಮೂರೇ. ಅವಳಿಯಮ್ಮ ಹೋದ ವಾರ ಐದು ಹೊಡೆದಿದ್ದಳು, ಮೊನ್ನೆ ನಾಲ್ಕು. ಇವತ್ತು ಹನ್ನೊಂದು ಗಂಟೆಗೆ ಕೊನೆಯದು. ಇದೂ ಹೋದರೆ ರೈಫಲ್ ವಾಪಸ್, ಅದರ ಜೊತೆಗೆ ಹಗಲು ಪಾಳಿಯೂ ವಾಪಸ್. ಹಳೆ ಪಂಪ್‌ಹೌಸಿನಲ್ಲಿ ಖಾಯಂ ರಾತ್ರಿ ಕಾವಲು. ಅವಳ ಗಂಡ ರಾತ್ರಿ ಬಸ್ಸಿನ ಡ್ರೈವರ್. ಇಬ್ಬರೂ ರಾತ್ರಿಯೆಲ್ಲ ಹೊರಗಿದ್ದರೆ ಆ ಎರಡು ಮಕ್ಕಳನ್ನು ಯಾರ ಮಡಿಲಿಗೆ ಹಾಕುವುದು ಎಂಬ ಪ್ರಶ್ನೆಗೆ ಅವರ ಮನೆಯಲ್ಲಿ ಉತ್ತರವಿರಲಿಲ್ಲ.

“ಶಿಳ್ಳೆ ಮೇಷ್ಟ್ರು ಏನಂದ್ರು?” ಸ್ಕ್ರೂ ಅಕ್ಕ ಕೇಳಿದಳು. ಕೊರಳಲ್ಲಿ ಸದಾ ಶಿಳ್ಳೆ ನೇತುಹಾಕಿಕೊಂಡಿರುವ ಗುರಿ ಮೈದಾನದ ಅಧಿಕಾರಿಗೆ ಆ ಹೆಸರು ಅಂಟಿ ವರ್ಷಗಳಾಗಿದ್ದವು.

“ಬಂದೂಕಿಗೇನೂ ಆಗಿಲ್ಲಮ್ಮ, ಗೆರೆಗಳೆಲ್ಲ ಸರಿಯಾಗಿವೆ, ನಿದ್ದೆಗೆಟ್ಟ ಕೈ ನಡುಗುತ್ತೆ ಅಂದ್ರು.”

ಗೆರೆಗಳು ಸ್ಕ್ರೂ ಅಕ್ಕನದೇ ಏರ್ಪಾಡು. ಒಂದು ಸ್ಕ್ರೂ ಬಿಗಿ ಮಾಡಿದ ಮೇಲೆ ಅದರ ತಲೆಯ ಮೇಲಿಂದ ಕೆಳಗಿನ ಲೋಹದವರೆಗೆ ಕೂದಲೆಳೆಯಷ್ಟು ತೆಳುವಾಗಿ ಒಂದು ಬಣ್ಣದ ಗೆರೆ ಎಳೆಯುವುದು. ಸ್ಕ್ರೂ ಒಂದಿಷ್ಟು ಅಲುಗಾಡಿದರೂ ಗೆರೆ ತುಂಡಾಗುತ್ತದೆ. ಯಾವ ಭಾಗ ಸಡಿಲವಾಗಿದೆ ಎಂದು ತಿಳಿಯಲು ಉಪಕರಣ ಮುಟ್ಟಬೇಕಾಗಿಲ್ಲ, ನೋಡಿದರೆ ಸಾಕು. ಅವಳು ಬರುವ ಮುಂಚೆ ಈ ಪಡೆಯಲ್ಲಿ ಹಾಗೊಂದು ಪದ್ಧತಿಯೇ ಇರಲಿಲ್ಲ.

ಕಿಟಕಿಯ ಬೆಳಕಿಗೆ ಹಿಡಿದು ಅವಳು ಒಂದೊಂದೇ ನೋಡುತ್ತ ಬಂದಳು. ಹಿಂಬದಿಯ ಮರದ ಹಿಡಿಯ ಸ್ಕ್ರೂ, ಹೆಗಲಪಟ್ಟಿಯ ಬಳೆ, ಮುಂಗೈ ಹಿಡಿಯುವ ಕವಚ, ಮುಂದಿನ ಗುರಿಗೂಟ, ಕಣ್ಣಿಟ್ಟು ಗುರಿ ಹಿಡಿಯುವ ಹಿಂದಿನ ಗುರಿಪಟ್ಟಿಯ ಎರಡು ಸ್ಕ್ರೂ. ಎಲ್ಲ ಹಳದಿ ಗೆರೆಗಳೂ ಸ್ಕೇಲ್ ಇಟ್ಟು ಎಳೆದಂತಿದ್ದವು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಿಲಕಿಯ ಸದ್ದಿಲ್ಲ.

“ಏನೂ ಇಲ್ಲ ಕಣೆ.”

“ಹಾಗಾದ್ರೆ ನನ್ನ ಕೈಯೇ.” ಅವಳಿಯಮ್ಮ ತನ್ನ ಎರಡೂ ಅಂಗೈಗಳನ್ನು ಯಾರದೋ ವಸ್ತುವಿನ ಹಾಗೆ ನೋಡಿಕೊಂಡಳು. ಆಮೇಲೆ ಜೇಬಿನಿಂದ ಮಡಿಸಿದ ಎರಡು ಗುರಿಹಾಳೆ ತೆಗೆದು ಮೇಜಿನ ಮೇಲೆ ಹಾಕಿದಳು. “ಇಟ್ಕೊಳ್ಳಿ. ಮನೆಗೆ ತಗೊಂಡು ಹೋದ್ರೆ ಮಕ್ಕಳು ಚಿತ್ರ ಬಿಡಿಸ್ತವೆ, ಅಷ್ಟಕ್ಕೇ ಲಾಯಕ್ಕು.”

ಸ್ಕ್ರೂ ಅಕ್ಕ ಸಮಾಧಾನ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಒಂದು ಹಾಳೆಯನ್ನು ಎತ್ತಿದಳು, ಇನ್ನೊಂದನ್ನು ಅದರ ಪಕ್ಕ ಹಿಡಿದಳು. ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳ ಹಾಗೆ ತೂತುಗಳೆಲ್ಲ ಒಂದೇ ಎತ್ತರದಲ್ಲಿ ಅಡ್ಡಕ್ಕೆ ಸಾಲಾಗಿದ್ದವು. ಕೆಲವು ಎಡಕ್ಕೆ, ಕೆಲವು ಬಲಕ್ಕೆ. ಮೇಲೆ ಹೋದದ್ದು ಒಂದೂ ಇಲ್ಲ, ಕೆಳಗೆ ಬಿದ್ದದ್ದು ಒಂದೂ ಇಲ್ಲ.

“ಏಯ್, ಕೈ ನಡುಗಿದ್ರೆ ಮೇಲೆ ಕೆಳಗೂ ಹೋಗ್ಬೇಕಲ್ವೇನೆ?”

“ಅಂದ್ರೆ?”

“ನಿನ್ನ ಕೈ ಏನು ರೂಲರ್ ಹಿಡ್ಕೊಂಡು ನಡುಗುತ್ತಾ? ಬಾಯ್ಮುಚ್ಕೊಂಡು ಆ ದೀಪ ಇತ್ತ ತಿರುಗಿಸು.”

ಅವಳಿಯಮ್ಮ ದೀಪವನ್ನು ಅವಳತ್ತ ತಿರುಗಿಸಿದಳು.

ಹಿಂದಿನ ಗುರಿಪಟ್ಟಿ ಕೂತಿದ್ದ ಸಣ್ಣ ಪೀಠದ ಸುತ್ತ ಸ್ಕ್ರೂ ಅಕ್ಕ ಒಂದು ತೊಟ್ಟು ಎಣ್ಣೆ ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿದಳು. ಹೆಬ್ಬೆರಳಿಟ್ಟು ಪೀಠವನ್ನು ಎಡದಿಂದ ಬಲಕ್ಕೆ ಬಲವಾಗಿ ಒತ್ತಿದಳು. ಕಣ್ಣಿಗೆ ಯಾವ ಚಲನೆಯೂ ಕಾಣಲಿಲ್ಲ. ಆದರೆ ಪೀಠವೂ ಕೆಳಗಿನ ಲೋಹವೂ ಕೂಡುವ ಸಂದಿನಲ್ಲಿ ಎಣ್ಣೆಯ ಒಂದು ತೆಳು ಎಳೆ ಹೊರಗೆ ಬಂದು ಮಿನುಗಿತು. ಬಲದಿಂದ ಎಡಕ್ಕೆ ಒತ್ತಿದಳು. ಎಳೆ ಒಳಗೆ ಸರಿಯಿತು. ಮತ್ತೆ ಒತ್ತಿದಳು, ಮತ್ತೆ ಹೊರಗೆ ಬಂತು.

“ಉಸಿರಾಡ್ತಿದೆಯಲ್ಲ ಅಕ್ಕ ಇದು!”

ಅಕ್ಕ ಚಾಕು ಎತ್ತಿಕೊಂಡಳು. ಚಾಕುವಿನ ಮೊನೆಯಿಂದ ಸ್ಕ್ರೂವಿನ ತಲೆಯ ಮೇಲಿನ ಹಳದಿ ಬಣ್ಣವನ್ನು ಮೆಲ್ಲಗೆ ಕೆರೆದಳು. ಅದರಡಿ ಹಿಂದಿನ ವರ್ಷದ ಬಿಳಿ ಗೆರೆಯಿತ್ತು. ತುಂಡಾಗಿತ್ತು. ಸ್ಕ್ರೂವಿನ ಮೇಲಿನ ಅರ್ಧ ಒಂದು ಕಡೆಗೆ, ಲೋಹದ ಮೇಲಿನ ಅರ್ಧ ಇನ್ನೊಂದು ಕಡೆಗೆ. ಜಗಳವಾಡಿ ಮುಖ ತಿರುಗಿಸಿ ಕೂತವರ ಹಾಗೆ. ಇನ್ನೊಂದು ಸ್ಕ್ರೂವಿನಲ್ಲೂ ಅದೇ.

ಆಗ ಅವಳಿಗೆ ಹಳದಿ ಹಚ್ಚಿದ ಆ ಮಧ್ಯಾಹ್ನ ನೆನಪಾಯಿತು. ಮರುದಿನ ಮೇಲಿನವರ ತಪಾಸಣೆ ಇತ್ತು. ಬಿಳಿ ಗೆರೆಗಳು ಮಾಸಿವೆ, ಎಲ್ಲಕ್ಕೂ ಹೊಸದಾಗಿ ಹಳದಿ ಹಚ್ಚಿ ಎಂದು ಆಜ್ಞೆ ಬಂದಿತ್ತು. ಕ್ರಮವಾಗಿ ಮಾಡಬೇಕೆಂದರೆ ಒಂದೊಂದು ಸ್ಕ್ರೂವನ್ನೂ ಪರೀಕ್ಷಿಸಿ, ಹಳೆ ಗೆರೆ ಒರೆಸಿ, ಆಮೇಲೆ ಹೊಸದನ್ನು ಎಳೆಯಬೇಕು. ಆವತ್ತು ಅವಳ ಮಗನಿಗೆ ಜ್ವರ. ಶಾಲೆಯಿಂದ ಎರಡು ಸಲ ಫೋನ್ ಬಂದಿತ್ತು. ಬ್ರಷ್ಷು ಹಿಡಿದು ಇಪ್ಪತ್ನಾಲ್ಕು ರೈಫಲ್‌ಗಳನ್ನೂ ಎರಡೇ ಗಂಟೆಯಲ್ಲಿ ಮುಗಿಸಿದ್ದಳು. ಸಡಿಲವಾದ ಸ್ಕ್ರೂ ನಿಂತಲ್ಲೇ ಅದರ ಮೇಲೆ ನೆಟ್ಟಗಿನ ಚೆಂದದ ಗೆರೆ ಎಳೆದು ಓಡಿದ್ದಳು. ತಪಾಸಣೆಗೆ ಬಂದವರು ಗೆರೆ ನೋಡಿ ತಲೆದೂಗಿ ಹೋಗಿದ್ದರು. ಶಿಳ್ಳೆ ಮೇಷ್ಟ್ರು ನಂಬಿದ್ದೂ ಆ ಗೆರೆಯನ್ನೇ. ಈಗಿನ್ನೂ ಕಿಟಕಿಯ ಬೆಳಕಲ್ಲಿ ತಾನು ನಂಬಿದ್ದೂ ಅದನ್ನೇ.

“ನನ್ನದೇ ಕಣೆ ತಪ್ಪು,” ಎಂದಳು.

ಅವಳಿಯಮ್ಮ ಅವಳ ಮುಖ ನೋಡಿದಳು. ಕೋಪ ಬರಬೇಕಾದ ಜಾಗದಲ್ಲಿ ಮೊದಲು ಅವಳಿಗೆ ಬಂದದ್ದು ನಗು. “ಅಂದ್ರೆ ನನ್ನ ಕೈ ಸರಿಯಿದೆ?”

“ನಿನ್ನ ಕೈಗೇನು ಧಾಡಿ!”

ಸ್ಕ್ರೂ ಅಕ್ಕ ಎರಡೂ ಸ್ಕ್ರೂಗಳನ್ನು ಪೂರ್ತಿ ಹೊರಗೆ ತೆಗೆದು, ಅವುಗಳ ಸುರುಳಿ ಎಳೆಗಳ ಎಣ್ಣೆ ಜಿಡ್ಡು ತೊಳೆದು ಒಣಗಿಸಿದಳು. ಪೀಠವನ್ನು ಅದರ ಜಾಗದಲ್ಲಿ ಕೂರಿಸಿ, ಬಿಗಿತ ಅಳೆಯುವ ಪಾನಾ ಹಿಡಿದು ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು, ಸರದಿಯಲ್ಲಿ ಬಿಗಿದಳು. ಬೇಕಾದಷ್ಟು ಬಿಗಿಯಾದೊಡನೆ ಪಾನಾ ‘ಟಕ್’ ಎಂದಿತು. ಒರೆಸಿ ಒತ್ತಿ ನೋಡಿದರೆ ಸಂದು ಒಣಗಿಯೇ ಇತ್ತು. ಉಳಿದ ಸ್ಕ್ರೂಗಳನ್ನೂ ಗೆರೆ ನಂಬದೆ ಪಾನಾ ಹಾಕಿಯೇ ಪರೀಕ್ಷಿಸಿದಳು. ಅವು ಗಟ್ಟಿಯಾಗಿದ್ದವು. ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು.

ಆದರೆ ಗುರಿಪಟ್ಟಿ ಕಳಚಿ ಕೂರಿಸಿದ ರೈಫಲನ್ನು ಮತ್ತೆ ಗುರಿಗೆ ಹೊಂದಿಸಬೇಕು. ಅದಕ್ಕೆ ಐದಾರು ಗುಂಡು ಹೆಚ್ಚಿಗೆ ಬೇಕು.

“ಆಗಲ್ಲ,” ಎಂದರು ಮೈದಾನದಲ್ಲಿ ಶಿಳ್ಳೆ ಮೇಷ್ಟ್ರು. “ಹೆಚ್ಚಿಗೆ ಗುಂಡು ಕೊಡಬೇಕಂದ್ರೆ ದೋಷದ ಪುಸ್ತಕದಲ್ಲಿ ಬರೀಬೇಕು. ಏನು ದೋಷ, ಯಾಕಾಯ್ತು, ಕೊನೇ ಸಲ ನೋಡಿದ್ದು ಯಾರು. ನೋಡಿದ್ದು ನೀವೇ ಅಲ್ವಾ?”

“ನಾನೇ.”

“ಮತ್ತೆ? ಹದಿನಾಲ್ಕು ವರ್ಷ, ಒಂದು ಕಪ್ಪುಚುಕ್ಕೆ ಇಲ್ಲ ನಿಮ್ಮ ಹೆಸರಲ್ಲಿ.” ಅವರು ದನಿ ತಗ್ಗಿಸಿದರು. “ಸ್ಕ್ರೂ ಬಿಗಿ ಮಾಡಿದ್ದೀರಲ್ಲ, ಹಾಗೇ ಹೊಡೀಲಿ. ಅದೃಷ್ಟ ಇದ್ರೆ ಪಾಸಾಗ್ತಾಳೆ.”

“ಅವಳ ಹಗಲು ಪಾಳೀನ ಅದೃಷ್ಟದ ಕೈಗೆ ಕೊಡೋಕೆ ನಾನ್ಯಾರು ಸಾರ್? ಪುಸ್ತಕ ಕೊಡಿ.”

ನಿಂತೇ ಬರೆದಳು. *ಹನ್ನೊಂದನೇ ನಂಬರು. ಹಿಂದಿನ ಗುರಿಪಟ್ಟಿಯ ಸ್ಕ್ರೂ ಎರಡೂ ಸಡಿಲ. ಪರೀಕ್ಷಿಸದೆ ಮೇಲೆ ಬಣ್ಣ ಹಚ್ಚಲಾಗಿತ್ತು.* ಒಂದು ಕ್ಷಣ ತಡೆದು ‘ಹಚ್ಚಲಾಗಿತ್ತು’ ಎಂಬುದನ್ನು ಹೊಡೆದುಹಾಕಿ ‘ನಾನೇ ಹಚ್ಚಿದ್ದೆ’ ಎಂದು ತಿದ್ದಿದಳು. ದೋಷ ಕಂಡುಹಿಡಿದವರು ಎಂಬಲ್ಲಿ ಒಂದು ಸಹಿ, ದೋಷಕ್ಕೆ ಕಾರಣರು ಎಂಬಲ್ಲಿ ಇನ್ನೊಂದು. ಎರಡೂ ಸಹಿಗಳು ಅಕ್ಕತಂಗಿಯರ ಹಾಗೆ ಪಕ್ಕಪಕ್ಕ ಕೂತವು.

ಮೇಷ್ಟ್ರು ಓದಿದರು. ಮತ್ತೊಮ್ಮೆ ಓದಿದರು. ಆರು ಗುಂಡು ಎಣಿಸಿ ಕೊಟ್ಟರು.

ಅವಳಿಯಮ್ಮ ಮರಳಿನ ಚೀಲದ ಹಿಂದೆ ಮಲಗಿ ಮೂರು ಹೊಡೆದಳು. ಮೂರೂ ಕಪ್ಪಿನ ಎಡ ಅಂಚಿನಾಚೆ, ಆದರೆ ಒಂದಕ್ಕೊಂದು ಅಂಟಿಕೊಂಡು. ದುರ್ಬೀನಿನಲ್ಲಿ ನೋಡುತ್ತಿದ್ದ ಸ್ಕ್ರೂ ಅಕ್ಕನ ಎದೆಯಲ್ಲಿ ಏನೋ ಹಗುರಾಯಿತು. ದಾರಿ ತಪ್ಪಿದ್ದರೂ ಮೂರೂ ಒಟ್ಟಿಗೇ ಹೋಗುತ್ತಿವೆ. ಇನ್ನು ದಾರಿ ತೋರಿಸಿದರೆ ಆಯಿತು. ಗುರಿಪಟ್ಟಿಯ ತಿರುಪನ್ನು ನಾಲ್ಕು ಹಲ್ಲು ತಿರುಗಿಸಿದಳು. ಉಳಿದ ಮೂರು ಗುಂಡುಗಳು ನಟ್ಟನಡುವೆ ಕೂತವು.

“ಈಗ ಪರೀಕ್ಷೆ,” ಎಂದು ಮೇಷ್ಟ್ರು ಹೊಸ ಹಾಳೆ ಹಾಕಿಸಿ ಶಿಳ್ಳೆ ಊದಿದರು.

ಅವಳಿಯಮ್ಮ ಅವಸರ ಮಾಡಲಿಲ್ಲ. ಒಂದು ಗುಂಡು, ಒಂದು ಉಸಿರು. ಮತ್ತೊಂದು. ಮೈದಾನದ ಅಂಚಿನಲ್ಲಿ ಪಾಳಿ ಮುಗಿಸಿ ಹೊರಟಿದ್ದ ಇಬ್ಬರು ಕಾವಲಿನವರು ಸೈಕಲ್ ನಿಲ್ಲಿಸಿ ನೋಡತೊಡಗಿದರು. ಬೆರಳು ಮಡಿಸಿ ಎಣಿಸುತ್ತಿದ್ದ ಅವರಲ್ಲೊಬ್ಬ ಏಳನೇ ಗುಂಡು ಹೊರಟ ಮೇಲೆ ಎಣಿಕೆ ಬಿಟ್ಟು ಬರೀ ನೋಡತೊಡಗಿದ. ಹತ್ತನೆಯದು ಹೋದ ಮೇಲೆ ಅವಳು ಬೋಲ್ಟ್ ಹಿಂದಕ್ಕೆಳೆದು, “ಖಾಲಿ,” ಎಂದು ಕೂಗಿದಳು. ಈ ಸಲ ಆ ಮಾತು ಮೈದಾನದ ಗೋಡೆಗೆ ತಗುಲಿ ವಾಪಸ್ ಬಂತು.

ಮೇಷ್ಟ್ರು ಹಾಳೆಯ ಮುಂದೆ ನಿಂತು ಪೆನ್ಸಿಲ್‌ನಿಂದ ಎಣಿಸಿದರು. “ಒಂಬತ್ತು. ಒಂಬತ್ತೂ ಒಳಗೆ! ಪಾಸು. ಒಂದು ಎಲ್ಲೋ ಹೋಗಿದೆ, ಹೋಗ್ಲಿ ಬಿಡಿ.”

“ಹೋಗ್ಲಿ ಬಿಡಿ ಅಂದ್ರೆ?” ಸ್ಕ್ರೂ ಅಕ್ಕ ಅವರನ್ನು ಪಕ್ಕಕ್ಕೆ ಸರಿಸಿಯೇ ಮುಂದೆ ಬಂದಳು. “ಈ ತೂತು ನೋಡಿ ಸಾರ್, ಕನ್ನಡಕ ಹಾಕ್ಕೊಂಡು ನೋಡಿ. ಉದ್ದಕ್ಕಿದೆಯಲ್ಲ? ಒಂದೇ ಮನೇಲಿ ಇಬ್ಬರು ಇದಾರೆ.”

ಮೇಷ್ಟ್ರು ಭೂತಗನ್ನಡಿ ತರಿಸಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಣ್ಣು ಮುಚ್ಚಿ ನೋಡಿದರು. “ಅವಳಿ!” ಎಂದರು ಕೊನೆಗೆ, ಮೀಸೆಯಡಿ ನಗು ತಡೆಯಲಾಗದೆ. “ಹತ್ತಕ್ಕೆ ಹತ್ತು. ಈ ವರ್ಷ ಇದೇ ಮೊದಲು.” ಸೈಕಲ್ಲಿನವರು ಗಂಟೆ ಬಾರಿಸಿದರು. ಅವಳಿಯಮ್ಮ ಸ್ಕ್ರೂ ಅಕ್ಕನನ್ನು ಬಾಚಿ ತಬ್ಬಿದಳು, ಎಣ್ಣೆ, ಮದ್ದಿನ ವಾಸನೆ, ಬೆವರು ಎಲ್ಲ ಸೇರಿಸಿ. “ಬಿಡೇ, ಪಕ್ಕೆಲುಬಿಗೂ ಗೆರೆ ಎಳ್ಕೋಬೇಕಾಗುತ್ತೆ,” ಎಂದು ಅಕ್ಕ ನಕ್ಕಳು, ಕಣ್ಣೊರೆಸಿಕೊಂಡಳು.

ಆಯುಧ ಕೋಣೆಗೆ ಮರಳಿದ ಮೇಲೆ ಸ್ಕ್ರೂ ಅಕ್ಕ ಒಂದನೇ ನಂಬರನ್ನು ಕೆಳಗಿಳಿಸಿ ಬಟ್ಟೆಯ ಮೇಲೆ ಮಲಗಿಸಿದಳು. ಹನ್ನೊಂದನ್ನು ಬಿಟ್ಟರೆ ಇನ್ನೂ ಇಪ್ಪತ್ಮೂರು ಉಳಿದಿದ್ದವು. ಎಲ್ಲವನ್ನೂ ಬಿಚ್ಚಬೇಕು, ಕೆರೆಯಬೇಕು, ಬಿಗಿಯಬೇಕು. ಸಡಿಲವಾದದ್ದು ಇನ್ನೊಂದು ಸಿಕ್ಕರೂ ಪುಸ್ತಕದಲ್ಲಿ ಬರೆಯಲು ಅವಳಿಗೀಗ ಕೈ ತಡೆಯುವಂತಿರಲಿಲ್ಲ. “ನಾನೂ ಕೂತ್ಕೋತೀನಿ ಅಕ್ಕ, ಸ್ಕ್ರೂ ಎತ್ತಿ ಕೊಡ್ತೀನಿ. ಪರೀಕ್ಷೆ ಅಂತ ಇವತ್ತು ಪಾಳಿ ಎರಡು ಗಂಟೆಗೆ,” ಎಂದು ಅವಳಿಯಮ್ಮ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು.

ಎರಡನೇ ಸ್ಕ್ರೂ ಬಿಚ್ಚಿ ಕೈ ಚಾಚಿದಾಗ ಯಾರೂ ಅದನ್ನು ತೆಗೆದುಕೊಳ್ಳಲಿಲ್ಲ. ಸ್ಕ್ರೂ ಅಕ್ಕ ತಿರುಗಿ ನೋಡಿದಳು. ಅವಳಿಯಮ್ಮ ಗೋಡೆಗೆ ತಲೆ ಆನಿಸಿ, ಬಾಯಿ ಅರೆತೆರೆದು, ನಡು ಹಗಲಿನ ಬೆಳಕಿನಲ್ಲಿ ಗಾಢವಾಗಿ ನಿದ್ದೆ ಹೋಗಿದ್ದಳು. ಹತ್ತು ಗುಂಡಿನ ಹಾಳೆ ಮಡಿಲಲ್ಲಿತ್ತು. ಅದರ ಮೇಲಿಟ್ಟ ಅವಳ ಬಲಗೈ ನಿದ್ದೆಯಲ್ಲೇ, ಮಕ್ಕಳನ್ನು ಮಲಗಿಸುವ ಹಾಗೆ, ಮೆಲ್ಲಗೆ, ಒಂದೇ ಲಯದಲ್ಲಿ, ತಟ್ಟುತ್ತಿತ್ತು.